ಏಳನೆಯ ತೊಟ್ಟಿಯ ಬಾಯಿ

ಮಾರ್ಚ್ ಹದಿನೆಂಟು. ಹಡಗಿನ ತಳದ ಏಳನೆಯ ತೊಟ್ಟಿಗೆ ಇಳಿಯಬೇಕಾದವರು ಮೂವರು.

"ಏನ್ರೋ, ನಿಮ್ಮನ್ನೇನು ಬೀಗರು ಅಂತ ಕರೆಸಿದ್ದಾರಾ? ಮುಸುಡಿ ತೋರಿಸ್ಕೊಂಡು ನಿಂತಿದ್ದೀರಲ್ಲ. ಇಳೀರಿ ಒಳಗೆ, ಬೋಳೀಮಕ್ಕಳಾ," ಎಂದ ಗುತ್ತಿಗೆದಾರ, ಬಣ್ಣದ ಡಬ್ಬಿಯನ್ನು ಬೂಟುಗಾಲಿನಿಂದ ಅವರತ್ತ ತಳ್ಳುತ್ತ. "ಮಂತ್ರಿಗಳ ಕಾರು ಗೇಟು ದಾಟೋವರೆಗೆ ಒಬ್ಬನ ತಲೆ ಹೊರಗೆ ಕಂಡ್ರೂ ಮೂರೂ ಜನ ನಾಳೆಯಿಂದ ಬೀದಿಗೆ."

ಅಂದು ಯುದ್ಧನೌಕೆಗೆ ಹೆಸರಿಡುವ ಸಮಾರಂಭ. ಹಡಗು ಇನ್ನೂ ನೀರು ಕಂಡಿರಲಿಲ್ಲ. ಹಡಗು ಕಟ್ಟಲೆಂದು ನೀರು ಬತ್ತಿಸಿದ ಕಟ್ಟೆಯೊಳಗೆ ಮರದ ದಿಮ್ಮಿಗಳ ಮೇಲೆ ಕುಳಿತಿತ್ತು. ಅದರ ಪಕ್ಕದಲ್ಲಿ ವೇದಿಕೆ, ವೇದಿಕೆಯ ಮುಂದೆ ಕೆಂಪು ಹಾಸು, ಹಿಂದಿನ ಪರದೆಯ ಮೇಲೆ ಪಾಲುದಾರರ ಲಾಂಛನಗಳು: ಸರಕಾರ, ನೌಕಾದಳ, ಉಕ್ಕಿನ ಕಂಪನಿ, ಹಡಗು ಕಟ್ಟುವ ಕಂಪನಿ. ಬಣ್ಣ ಮೆತ್ತಿದ ಹರಕು ಅಂಗಿಗಳು ಈ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಅವನ್ನು ಎಲ್ಲಿಗಾದರೂ ಅಟ್ಟಬೇಕಿತ್ತು. ತೊಟ್ಟಿಗೆ ಎರಡನೆಯ ಸಲದ ಬಣ್ಣವೂ ಆಗಬೇಕಿತ್ತು. ಗುತ್ತಿಗೆದಾರನಿಗೆ ಎರಡೂ ಒಟ್ಟಿಗೇ ಕೂಡಿಬಂದವು.

ತೊಟ್ಟಿಯ ಬಾಯಿ ಎಂದರೆ ಉಕ್ಕಿನ ಪಕ್ಕೆಯಲ್ಲಿ ಕೊರೆದ, ಒಬ್ಬ ಮನುಷ್ಯ ಮಲಗಿ ನುಸುಳುವಷ್ಟು ತೂತು. ಅದರ ಮುಂದೆ ಕುಳಿತು ಒಳಗಿನವರ ಜೀವ ಕಾಯುವುದು ಅಕ್ಕನ ಕೆಲಸ. ಮೂವರಲ್ಲಿ ಸಣಕಲ ಎಂಬವನಿಗೆ ಮಾತ್ರ ಅವಳು ಒಡಹುಟ್ಟಿದ ಅಕ್ಕ. ಉಳಿದವರೂ ಹಾಗೇ ಕರೆದು ಕರೆದು ಅದೇ ಅವಳ ಹೆಸರಾಗಿತ್ತು. ಸಣಕಲ ಮೂಳೆಚಕ್ಕಳದ ಹುಡುಗನಲ್ಲ, ಎರಡು ಮಕ್ಕಳ ತಂದೆ. ಆದರೆ ತೊಟ್ಟಿಯ ಕಟ್ಟಕಡೆಯ ಗೂಡಿಗೆ ನುಸುಳಬಲ್ಲ ಭುಜ ಅವನೊಬ್ಬನದೇ ಆದ್ದರಿಂದ ಆ ಗೂಡು ಯಾವಾಗಲೂ ಅವನ ಪಾಲಿಗೆ. ನಡುವಿನ ಗೂಡು ಮುದುಕನದು. ಬಾಯಿಗೆ ಹತ್ತಿರದ್ದು ರೇಡಿಯೋ ಎಂಬವನದು. ಮಾತು ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ.

ಅವರ ಪದ್ಧತಿ ಹೀಗಿತ್ತು. ಅಕ್ಕ ಆಗಾಗ ಸುತ್ತಿಗೆಯಿಂದ ಉಕ್ಕಿಗೆ ಒಮ್ಮೆ ಬಡಿಯಬೇಕು. ಒಳಗಿನಿಂದ ತಲೆಗೊಂದರಂತೆ ಏಟು ಮರಳಿ ಬರಬೇಕು. ಒಂದು ಕಡಿಮೆಯಾದರೂ ಎಲ್ಲರೂ ಹೊರಗೆ. ಬಣ್ಣದ ಹಬೆಯನ್ನು ಹೀರಿ ಹೊರಗೆಸೆಯಲು ದೊಡ್ಡ ಫ್ಯಾನೊಂದು ಸದಾ ಓಡುತ್ತಿರಬೇಕು. ಕೊನೆಯದೊಂದು ನಿಯಮವೂ ಇತ್ತು: ಏನೇ ಆದರೂ ಬಾಯಿ ಕಾಯುವವರು ಒಳಗೆ ಇಳಿಯಬಾರದು. ಉಸಿರಿಲ್ಲದ ಕಡೆ ಇಳಿದವರು ಇನ್ನೊಂದು ಹೆಣವಾಗುತ್ತಾರೆ.

"ಅಕ್ಕಾ, ನಿದ್ದೆ ಗಿದ್ದೆ ಮಾಡ್ಬಿಟ್ಟೀಯ," ಎನ್ನುತ್ತ ಸಣಕಲ ತಲೆ ಮುಂದಾಗಿ ಜಾರಿದ. "ಭಾಷಣ ಅಂದ್ರೆ ನಿನಗೆ ಜೋಗುಳ ಇದ್ದ ಹಾಗೆ."

ಹೋಗೋ ಹಲ್ಕಾ, ಎಂದು ಅವಳು ಅವನ ಅಂಗಾಲಿಗೆ ಒಂದು ಕೊಟ್ಟಳು.

ಗಣ್ಯರು ಕುಳಿತ ಕೂಡಲೇ ಬಿಳಿ ಟೋಪಿಯ ಸುರಕ್ಷತಾ ಅಧಿಕಾರಿ ಬಂದ. ಫ್ಯಾನಿನ ಗದ್ದಲದಲ್ಲಿ ಮೈಕು ಕೇಳುತ್ತಿಲ್ಲವೆಂದೂ ಐದು ನಿಮಿಷ ನಿಲ್ಲಿಸುತ್ತೇವೆಂದೂ ಹೇಳಿದ. ಹಾಗಾದರೆ ಮೂವರನ್ನೂ ಹೊರಗೆ ಕರೆಯುತ್ತೇನೆಂದಳು ಅಕ್ಕ. ಈ ವೇಷದಲ್ಲಿ ಮಂತ್ರಿಗಳ ಕಣ್ಣಮುಂದೆಯೇ ಎಂದು ಅವನು ಮೂಗು ಮುರಿದ.

"ಐದು ನಿಮಿಷಕ್ಕೆ ಯಾರೂ ಸಾಯಲ್ಲ. ಆ ಸುತ್ತಿಗೆ ಇಲ್ಲಿ ಕೊಡು. ಡಂ ಡಂ ಅಂತ ಬಡೀತಾ ಕೂತ್ಕೋಬೇಡ."

ಸುತ್ತಿಗೆ ಅವನ ಕೈಗೆ ಹೋಯಿತು. ಫ್ಯಾನು ನಿಂತಿತು. ಅದುವರೆಗೆ ಕೇಳದಿದ್ದ ಚಪ್ಪಾಳೆ ಆಗ ಕೇಳಿಸಿತು.

ಮೊದಲು ಉಕ್ಕಿನ ಕಂಪನಿಯವನು ಸರಕಾರವನ್ನು ಹೊಗಳಿದ. ಹಡಗಿನ ಕಂಪನಿಯವನು ಉಕ್ಕಿನವನನ್ನು ಹೊಗಳಿದ. ನೌಕಾದಳದ ಹಿರಿಯನು ಆ ಇಬ್ಬರನ್ನೂ ಹೊಗಳಿದ. ಈ ಹಡಗಿನ ಒಂದೊಂದು ಮೊಳೆಯೂ ನಮ್ಮೆಲ್ಲರದು, ಇದರ ಹೊಣೆಯೂ ಹೆಮ್ಮೆಯೂ ನಾಲ್ವರಿಗೂ ಸಮಪಾಲು ಎಂದ. ಐದು ನಿಮಿಷ ಮೊದಲನೆಯವನ ವಂದನೆಗೇ ಸಾಲಲಿಲ್ಲ. ಮಂತ್ರಿಯ ಸರದಿ ಇನ್ನೂ ಬಂದಿರಲಿಲ್ಲ.

ಮಂತ್ರಿ ಮೈಕಿನ ಮುಂದೆ ಬರುವಷ್ಟರಲ್ಲಿ ತೂತಿನಿಂದ ಬರುತ್ತಿದ್ದ ವಾಸನೆ ಗಂಟಲಿಗೆ ಹತ್ತತೊಡಗಿತ್ತು. ಅಕ್ಕ ಊಟದ ಡಬ್ಬಿ ತೆಗೆದು ಅದರ ಅಂಚಿನಿಂದ ಉಕ್ಕಿಗೆ ಬಡಿದಳು. ಒಳಗಿನಿಂದ ಒಂದು ಏಟು. ತಡೆದು ಇನ್ನೊಂದು. ಇನ್ನೂ ತಡೆದು ಮತ್ತೊಂದು. ಮೂರು. ಲೆಕ್ಕ ಸರಿಯಿತ್ತು. ಸದ್ದು ಸರಿಯಿರಲಿಲ್ಲ. ಸಣಕಲ ಬಡಿಯುವುದು ಬ್ರಷ್ಷಿನ ಹಿಡಿಯಿಂದ, ದೂರದಿಂದ, ಟಿಣ್ ಎಂದು. ಈಗ ಬಂದ ಎರಡನೆಯದೂ ಮೂರನೆಯದೂ ಮುದುಕನ ಡಬ್ಬಿಯ ಸದ್ದು.

ತೂತಿಗೆ ಬಾಯಿಟ್ಟು ಅವಳು ತಮ್ಮನನ್ನು ಕೂಗಿದಳು. ಸಮಾರಂಭದ ಕಾವಲಿನವನೊಬ್ಬ ಓಡಿಬಂದು ಅವಳ ಜಡೆ ಹಿಡಿದು ಹಿಂದಕ್ಕೆಳೆದ. ಮಂತ್ರಿ ಮಾತಾಡುತ್ತಿದ್ದಾರೆ, ಬಾಯಿ ಮುಚ್ಚು ಎಂದ. ಅವಳು ಅವನ ಕೈ ಕಚ್ಚಿ ಬಿಡಿಸಿಕೊಂಡು ಫ್ಯಾನಿನ ಸ್ವಿಚ್ಚಿನ ಪೆಟ್ಟಿಗೆಯತ್ತ ನಡೆದಳು. ಓಡಲಿಲ್ಲ; ಓಡಿದರೆ ಇನ್ನಷ್ಟು ಜನ ಹಿಡಿಯುತ್ತಿದ್ದರು.

ಪೆಟ್ಟಿಗೆಯ ಮುಂದೆ ಕಂಪನಿಯ ವಿದ್ಯುತ್ ಕೆಲಸಗಾರ ನಿಂತಿದ್ದ. ನನಗೂ ಹೆಂಡತಿ ಮಕ್ಕಳಿದ್ದಾರೆ ಎಂದ.

"ಒಳಗಿರೋನಿಗೂ ಇದ್ದಾರೆ. ನೀನೇನೂ ಮಾಡ್ಬೇಡ. ಆ ಕಡೆ ನೋಡು, ಸಾಕು."

ಅವನು ಆ ಕಡೆ ನೋಡಿದ. ಅವನಿಂದ ಆದದ್ದು ಅಷ್ಟೇ. ಅಕ್ಕ ಹಿಡಿಯನ್ನು ಮೇಲಕ್ಕೆತ್ತಿದಳು.

ಫ್ಯಾನಿನ ಆರ್ಭಟದಲ್ಲಿ ಮಂತ್ರಿಯ ತುಟಿಗಳು ಮಾತ್ರ ಅಲುಗುತ್ತಿದ್ದವು. ಫ್ಯಾನಿನ ಕೊಳವೆಯ ಹೊರತುದಿಯನ್ನು ಅಲಂಕಾರದವರು ವೇದಿಕೆಯ ಬಟ್ಟೆಯ ಕೆಳಗೆ ಮುಚ್ಚಿಟ್ಟಿದ್ದರು. ತೊಟ್ಟಿಯಲ್ಲಿ ತುಂಬಿಕೊಂಡಿದ್ದ ಹಬೆಯೆಲ್ಲ ಅಲ್ಲಿಂದಲೇ ಹೊರಬಿತ್ತು. ಮುಂದಿನ ಸಾಲಿನವರು ಮೂಗು ಹಿಡಿದುಕೊಂಡು ಕೆಮ್ಮುತ್ತ ಎದ್ದರು.

ರೇಡಿಯೋ ತಾನಾಗಿ ತೆವಳಿ ಬಂದ, ಒಂದು ಮಾತೂ ಆಡದೆ ವಾಂತಿ ಮಾಡಿದ. ಮುದುಕನನ್ನು ಅಕ್ಕ ತೋಳು ಹಿಡಿದು ಎಳೆದುಕೊಂಡಳು.

"ನಾನೇ ಬಡಿದೆ ಕಣವ್ವ, ಅವನ ಪಾಲಿಂದೂ," ಎಂದ ಮುದುಕ. "ಕೂಗಿದೆ, ಓ ಅನ್ಲಿಲ್ಲ. ಏಟು ಕಡಿಮೆ ಆದ್ರೆ ನೀನು ಎಲ್ಲರನ್ನೂ ಕರೀತೀಯ, ಹೊರಗೆ ಬಂದ್ರೆ ಮೂರೂ ಜನದ ಅನ್ನ ಹೋಗುತ್ತೆ. ಅವನಿಗೆ ಕೇಳಿಸಿರಲ್ಲ ಅಂದ್ಕೊಂಡೆ."

ಅಕ್ಕ ಅವನನ್ನು ಉಕ್ಕಿನ ಪಕ್ಕೆಗೆ ಒರಗಿಸಿದಳು. ತೂತಿನ ಅಂಚು ಹಿಡಿದು ಕುಳಿತಳು. ಒಳಗೆ ಕತ್ತಲೆ, ಕತ್ತಲೆಯ ತುದಿಯಲ್ಲಿ ತಮ್ಮ. ಆ ಇಡೀ ಕಟ್ಟೆಯಲ್ಲಿ ಆ ದಿನ ನಿಯಮವೊಂದನ್ನು ಪಾಲಿಸಿದವಳು ಅವಳೊಬ್ಬಳೇ: ಒಳಗೆ ಇಳಿಯಲಿಲ್ಲ. ಪಾಲಿಸುತ್ತ ತನ್ನ ಕೈಯನ್ನೇ ಕಚ್ಚಿಕೊಂಡಿದ್ದಳು. ಉಸಿರಾಡುವ ಗಾಳಿಯ ಮುಖವಾಡವಿದ್ದ ಅಗ್ನಿಶಾಮಕದವರು ಮಂತ್ರಿಯ ರಕ್ಷಣೆಗೆಂದು ವೇದಿಕೆಯ ಬಳಿ ಸಾಲಾಗಿ ನಿಂತಿದ್ದರು. ಅಲ್ಲಿಂದ ಇಲ್ಲಿಗೆ ಬರಲು ಅವರಿಗೆ ಅಪ್ಪಣೆ ಬೇಕಿತ್ತು. ಅಪ್ಪಣೆ ಬಂದು, ಅವರು ಇಳಿದು, ಸಣಕಲನನ್ನು ಹೊರಗೆಳೆದಾಗ ಅವನ ಮುಷ್ಟಿಯಲ್ಲಿ ಬ್ರಷ್ಷು ಹಾಗೇ ಇತ್ತು. ಎದೆ ಒತ್ತಿದರು. ಬಾಯಿಗೆ ಗಾಳಿಯ ಮುಖವಾಡ ಹಿಡಿದರು. ಆಮೇಲೆ ಕೈಬಿಟ್ಟರು.

ಗುತ್ತಿಗೆದಾರ ಬಗ್ಗಿ ಅವಳ ಕಿವಿಯ ಹತ್ತಿರ ಮೆತ್ತಗೆ ಮಾತಾಡಿದ. ಹಿಂದಿನ ಗೇಟಿಗೆ ವ್ಯಾನು ಬರುತ್ತದೆ, ಸದ್ದಿಲ್ಲದೆ ಮನೆಗೆ ಮುಟ್ಟಿಸುತ್ತೇನೆ, ಬೇಕಾದ್ದು ಮಾಡೋಣ ಎಂದ.

ಅಕ್ಕ ಅವನ ಮುಖ ನೋಡಲಿಲ್ಲ. ಬಣ್ಣದ ಕಲೆಯ ಟಾರ್ಪಾಲು ಎಳೆದು ತಂದಳು. ಅವಳು, ಮುದುಕ, ರೇಡಿಯೋ ಮೂವರೂ ಸಣಕಲನನ್ನು ಅದರ ಮೇಲೆ ಹೊರಳಿಸಿ, ಹಿಂದಿನ ಗೇಟಿನ ಕಡೆಗಲ್ಲ, ವೇದಿಕೆಯ ಕಡೆಗೆ ಎಳೆದರು. ಕೆಂಪು ಹಾಸಿನ ಮೇಲೆ ಬೂದು ಬಣ್ಣದ ಉದ್ದನೆಯ ಗೆರೆ ಬಿತ್ತು. ಕಾವಲಿನವರು ಅಡ್ಡ ಬಂದರು. ಅವರೂ ಅದೇ ಗುತ್ತಿಗೆಯ ಆಳುಗಳು, ಟಾರ್ಪಾಲಿನೊಳಗಿನ ಮುಖ ನೋಡಿ ಬದಿಗೆ ಸರಿದರು.

ಮಂತ್ರಿ ಕರವಸ್ತ್ರದೊಳಗಿನಿಂದಲೇ ಕೇಳಿದ: "ಯಾರ ಕಡೆಯವನಿವನು?"

ಹಡಗಿನ ಕಂಪನಿಯವನು ನಮ್ಮವನಲ್ಲ, ಗುತ್ತಿಗೆಯವನು ಎಂದ. ಗುತ್ತಿಗೆದಾರ ಆಗಲೇ ಅಲ್ಲಿರಲಿಲ್ಲ. ನಾವು ಉಕ್ಕು ಕೊಟ್ಟವರು ಮಾತ್ರ ಎಂದ ಉಕ್ಕಿನವನು. ಹಡಗು ಕೈಗೆ ಬರುವವರೆಗೆ ಒಳಗಿನದೇನೂ ನಮಗೆ ಸಂಬಂಧಿಸಿದ್ದಲ್ಲ ಎಂದ ನೌಕಾದಳದ ಹಿರಿಯ. ಮಂತ್ರಿ ತನಿಖೆಯ ಮಾತೆತ್ತಿದ.

ಅಕ್ಕ ತಮ್ಮನ ತಲೆಯ ಬಳಿ ಕುಳಿತಳು. ಸೆರಗಿನಿಂದ ಅವನ ರೆಪ್ಪೆಯ ಮೇಲಿನ ಬಣ್ಣ ಒರೆಸಿದಳು.

"ಹೊಣೆ ನಾಲ್ಕು ಪಾಲು ಅಂದ್ರಲ್ಲ ಸ್ವಾಮಿ, ಮೈಕಿನಲ್ಲಿ. ಇಲ್ಲಿವರೆಗೆ ನಾವು ಎಳ್ಕೊಂಡು ಬಂದಿದ್ದೀವಿ. ಹೊರೋದಕ್ಕೂ ನಾಲ್ಕೇ ಜನ ಬೇಕು. ಬನ್ನಿ, ಹೆಗಲು ಕೊಡಿ. ಬೇರೆ ಯಾರೂ ಇವನನ್ನ ಮುಟ್ಟಬಾರದು."

ಬಟ್ಟೆ ಹೊಲಸಾದೀತೆಂದು ಒಬ್ಬ ಕಾಲು ಹಿಂದಕ್ಕೆಳೆದುಕೊಂಡ. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿಮ್ಮಿಗಳ ಸಂದಿಯಿಂದ, ಸರಂಜಾಮಿನ ಮರೆಯಿಂದ, ಮರೆಯಲ್ಲಿರೆಂದು ಅಟ್ಟಿದ್ದ ಹರಕು ಅಂಗಿಗಳು ಒಂದೊಂದಾಗಿ ಬಂದು ಕೆಂಪು ಹಾಸಿನ ಸುತ್ತ ನಿಂತವು. ಯಾರೂ ಹೆಣ ಎತ್ತಲಿಲ್ಲ. ಯಾರೂ ದಾರಿ ಬಿಡಲೂ ಇಲ್ಲ.

ಹೊತ್ತು ಮುಳುಗಿದಾಗಲೂ ನಾಲ್ಕು ಹೆಗಲು ಬಾಕಿ ಇದ್ದವು.