ಅತ್ತೆಯ ಹೆಬ್ಬೆರಳು, ಸೊಸೆಯ ವೆಬ್‌ಸೈಟು

ಸೊಸೆಯ ವೆಬ್‌ಸೈಟಿನಲ್ಲಿ ಜಾಹೀರಾತುಗಳು ದಿನೇದಿನೇ ಕಡಿಮೆಯಾಗುತ್ತಿದ್ದವು. ಅತ್ತೆಗೆ ಅದೇ ತಲೆಬಿಸಿ. ಹೊಲಿಗೆ ಕಲಿಸುವ ಆ ವೆಬ್‌ಸೈಟಿನ ಜಾಹೀರಾತುಗಳಿಂದ ಬರುವ ಆದಾಯ ನಂಬಿಕೊಂಡೇ ಸೊಸೆ ಬಟ್ಟೆ ಕಾರ್ಖಾನೆ ಬಿಟ್ಟು ಮನೆಯಲ್ಲಿ ಮಿಷನ್ ಹಾಕಿಕೊಂಡಿದ್ದಳು. ಅದು ನಿಂತರೆ ಮತ್ತೆ ಕಾರ್ಖಾನೆಯೇ ಗತಿ.

ಅತ್ತೆ ಮೊದಲಿನಿಂದಲೂ ಗುಟ್ಟಾಗಿ ತಮ್ಮ ಕೈಲಾದ ಸೇವೆ ಮಾಡುತ್ತಿದ್ದರು, ಈಗ ಅದನ್ನು ಇನ್ನೂ ಹೆಚ್ಚಿಸಿದರು. ಬೆಳಗ್ಗೆ ಎದ್ದು ಮುಖ ತೊಳೆದವರೇ ಕಿಟಕಿ ಪಕ್ಕ ಕೂತು, ಫೋನಿನಲ್ಲಿ ಸೊಸೆಯ ಪುಟ ತೆರೆದು, ಕಂಡ ಕಂಡ ಜಾಹೀರಾತನ್ನೆಲ್ಲ ಒತ್ತುವುದು. ತಮ್ಮ ತಂಗಿಯನ್ನೂ ನಾದಿನಿಯನ್ನೂ ಬಿಡಲಿಲ್ಲ. "ನೀವೂ ಒತ್ರೇ, ಒತ್ತಿದಷ್ಟೂ ದುಡ್ಡು ಬರುತ್ತೆ, ನಮ್ಮ ಹುಡುಗಿಗೆ ಒಳ್ಳೇದಾಗುತ್ತೆ" ಎಂದು ಅವರನ್ನೂ ಹಚ್ಚಿದ್ದರು.

ಒಂದು ದಿನ ಪಕ್ಕದ ಮನೆಯ ಮೇಷ್ಟ್ರು ಪ್ಯಾಂಟ್ ಗಿಡ್ಡ ಮಾಡಿಸಲು ಬಂದರು. ಅವರದೂ ಒಂದು ವೆಬ್‌ಸೈಟಿತ್ತು, ಗಣಿತ ಕಲಿಸುವುದು. ಸೊಸೆ ತನ್ನ ಸಂಕಟ ತೋಡಿಕೊಂಡಳು.

"ಜಾಹೀರಾತಿನ ಕಂಪನಿ ಏನಾದ್ರೂ ಸಂದೇಶ ಕಳಿಸಿದೆಯಾ ತಾಯಿ?"

"ಕಳಿಸ್ತಾನೇ ಇರುತ್ತೆ ಮೇಷ್ಟ್ರೇ, ನಿಯಮ ಬದಲಾಯ್ತು ಅಂತ. ಸೇರುವಾಗ್ಲೇ ಓದಿದ್ದೆನಲ್ಲ ಅಂತ ತೆರೆದೇ ನೋಡ್ಲಿಲ್ಲ."

"ಹೋದ ವರ್ಷದ ಅಳತೆಗೆ ಈ ವರ್ಷ ಮಗೂಗೆ ಅಂಗಿ ಹೊಲೀತೀಯಾ?"

ಸೊಸೆ ಫೋನ್ ತೆಗೆದು ತೀರಾ ಇತ್ತೀಚಿನ ಸಂದೇಶ ತೆರೆದಳು. ಅದು ಎಚ್ಚರಿಕೆಯಾಗಿತ್ತು. ಅದೇ ಕೆಲವು ಫೋನುಗಳಿಂದ ಪದೇಪದೇ ಜಾಹೀರಾತು ಒತ್ತಲಾಗುತ್ತಿದೆ, ಅದಕ್ಕೇ ಕಡಿಮೆ ಮಾಡಿದ್ದೇವೆ, ಮುಂದುವರಿದರೆ ಖಾತೆ ಮುಚ್ಚುತ್ತೇವೆ ಎಂದಿತ್ತು.

"ಯಾರಪ್ಪ ಆ ಪುಣ್ಯಾತ್ಮರು?" ಎಂದಳು ಸೊಸೆ.

ಅತ್ತೆ ಹೆಬ್ಬೆರಳನ್ನು ಮೆಲ್ಲಗೆ ಮುಷ್ಟಿಯೊಳಗೆ ಮಡಚಿಕೊಂಡರು. "ನಾನೇ ಕಣೇ. ಆದ್ರೆ ಮೇಷ್ಟ್ರೇ, ಈ ಮೂಲೇಲಿ ನಾನು ಒತ್ತಿದ್ದು ಎಲ್ಲೋ ಕೂತವರಿಗೆ ಹೇಗೆ ತಿಳಿಯುತ್ತೆ? ಸುಮ್ನೆ ಹೆದರಿಸ್ತಾರೆ ಅಷ್ಟೆ."

"ದೊಡ್ಡಮ್ಮಾ, ನೀವು ಪುಟ ತೆರೆದು ಕಣ್ಣು ಮಿಟುಕಿಸೋದ್ರೊಳಗೆ ಅಲ್ಲೊಂದು ಹರಾಜು ನಡೆದು ಮುಗಿದಿರುತ್ತೆ. ಆ ಅಂಗೈಯಗಲ ಜಾಗಕ್ಕೆ ಎಲ್ಲೆಲ್ಲಿಯ ಅಂಗಡಿಯವರೋ ಪೈಪೋಟಿ ಮಾಡ್ತಾರೆ, ಗೆದ್ದವರದ್ದು ನಿಮಗೆ ಕಾಣುತ್ತೆ. ಇಷ್ಟೆಲ್ಲ ಮಾಡೋ ಯಂತ್ರಕ್ಕೆ ದಿನಾ ಬರೋ ನಿಮ್ಮ ಬೆರಳು ಕಾಣ್ದೇ ಇರುತ್ತಾ? ನೀವು ಒತ್ತಿದಾಗೆಲ್ಲ ಆ ಅಂಗಡಿಯವರ ಗಂಟು ಕರಗುತ್ತೆ."

ಅತ್ತೆ ಫೋನನ್ನೇ ನೋಡುತ್ತ ಕೂತರು. ಅಲ್ಲಿದ್ದದ್ದು ಯಾರದ್ದೋ ಗುಂಡಿ ಅಂಗಡಿಯ ಜಾಹೀರಾತು. ಅತ್ತೆಯೂ ಒಂದು ಕಾಲದಲ್ಲಿ ಗುಂಡಿ, ದಾರದ ಅಂಗಡಿ ಇಟ್ಟಿದ್ದವರೇ. ಹೊಸ್ತಿಲ ಮೇಲೆ ನೆರಳು ಬಿದ್ದರೆ ಸಾಕು, ಗಿರಾಕಿ ಬಂದರೆಂದು ಎದ್ದು ನಿಲ್ಲುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಅಷ್ಟೊಂದು ಅಂಗಡಿಗಳು ಈ ಪುಟ್ಟ ಗಾಜಿನ ಹತ್ತಿರ ಬಂದು ನಿಲ್ಲುತ್ತವೆ ಎಂದು ನೆನೆದು ಅವರ ಮೈ ಜುಂ ಎಂದಿತು.

"ಕೊಳ್ಳದವಳು ನಾನು. ದಿನಾ ಹೋಗಿ ಪಾಪ ಅವರನ್ನ ಎಬ್ಬಿಸಿ ಬಂದೆನಲ್ಲೇ" ಎಂದರು.

ಅಂದೇ ಸೊಸೆ ಕಂಪನಿಗೆ ನಡೆದದ್ದನ್ನು ನಡೆದ ಹಾಗೇ ಬರೆದಳು. ಅತ್ತೆ ತಂಗಿಗೂ ನಾದಿನಿಗೂ ಫೋನ್ ಮಾಡಿ ನಿಲ್ಲಿಸಿದರು. ಆಮೇಲೆ ವಾರಕ್ಕೊಮ್ಮೆ ಸೊಸೆ ಹೊಸ ನಿಯಮಗಳನ್ನು ಗಟ್ಟಿಯಾಗಿ ಓದುವುದು, ಅತ್ತೆ ದಾರದ ತುದಿ ಕತ್ತರಿಸುತ್ತ ಕೇಳುವುದು ರೂಢಿಯಾಯಿತು. ಸ್ವಲ್ಪ ಕಾಲದ ನಂತರ ಜಾಹೀರಾತುಗಳು ಒಂದೊಂದಾಗಿ ಮರಳಿದವು. ಅತ್ತೆ ಈಗಲೂ ಬೆಳಗ್ಗೆ ಪುಟ ತೆರೆದು ಬೆರಗಿನಿಂದ ನೋಡುತ್ತಾರೆ, ಕೈ ಮಾತ್ರ ಬೆನ್ನ ಹಿಂದೆ.

ವೆಬ್‌ಸೈಟ್ ನಡೆಸುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತೆರೆಯದೆ ಬಿಟ್ಟ ಆ ಸಂದೇಶವನ್ನು ಇವತ್ತೇ ಓದಿ. ಓದಿದ್ದನ್ನು ಮನೆಯವರಿಗೂ ಹೇಳಿ. ಪ್ರೀತಿಯಿಂದ ಒತ್ತುವ ಹೆಬ್ಬೆರಳು ನಿಮ್ಮ ಮನೆಯಲ್ಲೂ ಇರಬಹುದು.