ಹೊರಗೆ ನಿಂತು ಜಗ್ಗುವವರು

ಕಿವಿಯ ಯಂತ್ರ ಮಾರುವ ಆ ಅಂಗಡಿಯಲ್ಲಿ ಎಲ್ಲರೂ ಕಿರುಚುತ್ತಾರೆ, ಗುಮಾಸ್ತೆಯೊಬ್ಬರನ್ನು ಬಿಟ್ಟು. ಗಿರಾಕಿಯ ವಯಸ್ಸು, ವಿಳಾಸ, ಯಾವ ಕಿವಿ ಎಷ್ಟು ಮಂದ ಎಂಬುದನ್ನೆಲ್ಲ ಅವರು ಚೀಟಿಯಲ್ಲಿ ಬರೆದು ಕೇಳಿ, ಬರೆಸಿಕೊಂಡು, ಕಂಪ್ಯೂಟರಿಗೆ ಏರಿಸಿದ ಮೇಲೆ ಚೀಟಿಯನ್ನು ಎಂಟು ಚೂರು ಮಾಡಿ ತಮ್ಮ ಬೂದು ಸ್ವೆಟರಿನ ಜೇಬಿಗೆ ಇಳಿಸುತ್ತಾರೆ. ಸಂಜೆಯ ಹೊತ್ತಿಗೆ ಆ ಜೇಬು ಬಸುರಿ ಬೆಕ್ಕಿನ ಹೊಟ್ಟೆಯಂತೆ ಜೋಲುತ್ತಿರುತ್ತದೆ. ಶಟರ್ ಎಳೆದು ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು ಬೀಗವನ್ನೊಮ್ಮೆ ಜಗ್ಗುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇದೇ ವ್ರತ.

ಎಡಗಿವಿ ಕಳೆದುಕೊಂಡ ನಾನು ಅಲ್ಲಿನ ಹಳೆಯ ಗಿರಾಕಿ. ಗೆಳೆಯರಾದ ಸಂಗೀತದ ಮೇಷ್ಟರನ್ನು ಅಲ್ಲಿಗೆ ಕರೆದೊಯ್ದವನೂ ನಾನೇ. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ತಮಗೆ ಕಿವಿ ಮಂದವೆಂದು ಶಿಷ್ಯರಿಗೆ ಗೊತ್ತಾದರೆ ಪಾಠವೂ ಹೊಟ್ಟೆಪಾಡೂ ಒಟ್ಟಿಗೇ ಮುಗಿಯುತ್ತವೆಂದು ಮೇಷ್ಟರು ಬರೆದುಕೊಟ್ಟಾಗ, ಆಕೆ ಕೆಳಗೆ ‘ನನ್ನಿಂದ ಹೊರಗೆ ಹೋಗುವುದಿಲ್ಲ’ ಎಂದು ಬರೆದು, ಓದಿಸಿ, ಹರಿದಿದ್ದರು.

ಕಳೆದ ತಿಂಗಳು ಅಂಗಡಿಯ ಮುದಿ ಕಂಪ್ಯೂಟರು ಏದುಸಿರು ಬಿಡತೊಡಗಿತು. ಮೂರು ಸಾವಿರ ಗಿರಾಕಿಗಳ ಪಟ್ಟಿಯನ್ನು ಕ್ಲೌಡಿಗೆ, ಅಂದರೆ ದೂರದಲ್ಲೆಲ್ಲೋ ಬಾಡಿಗೆಗೆ ಸಿಗುವ ಪರರ ಕಂಪ್ಯೂಟರಿಗೆ, ಏರಿಸಲೆಂದು ಯಜಮಾನರು ರಿಪೇರಿಯವರನ್ನು ಕರೆಸಿದ್ದರು. ನಾನು ಬ್ಯಾಟರಿಗಾಗಿ ಕಾದು ಕೂತಿದ್ದೆ.

“ಪಟ್ಟಿ ತೆರೆಯೋ ಲಿಂಕ್ ಯಾರಿಗೂ ಗೊತ್ತಿರಲ್ಲ ಮೇಡಂ, ಸೇಫ್,” ಎಂದರು ರಿಪೇರಿಯವರು.

ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ನಮ್ಮ ಫೋನ್ ನಂಬರು, ಹುಟ್ಟಿದ ದಿನ, ಕಾಯಿಲೆಗಳೆಲ್ಲ ಬೀದಿಪಾಲಾದದ್ದು ಈ ಒಂದು ಪದದ ಭರವಸೆಯಿಂದಲೇ. ಹಾಗೆನ್ನುವವರಿಗೆ ನಾಚಿಕೆಯಿಲ್ಲ, ಆಮೇಲೆ ಅವರನ್ನು ಕೇಳುವವರೂ ಇಲ್ಲ.

ಆಕೆ ಸಿಟ್ಟಾಗಲಿಲ್ಲ. “ಮೊದಲು ನನ್ನ ವಿವರ ಒಂದೇ ಹಾಕಿ,” ಎಂದರು.

ಹಾಕಿದರು. ಆಕೆ ಲಿಂಕನ್ನು ಎದುರಂಗಡಿಯ ದರ್ಜಿಯ ಫೋನಿಗೆ ಕಳಿಸಿ, ಒಂದು ಕಾಲನ್ನು ತುಸು ಎಳೆಯುವ ತಮ್ಮ ನಡಿಗೆಯಲ್ಲಿ ರಸ್ತೆ ದಾಟಿದರು. ದರ್ಜಿಯ ದನಿ ನನ್ನ ಒಂಟಿ ಕಿವಿಗೂ ಕೇಳಿಸಿತು: “ಅಯ್ಯೋ ಅಕ್ಕಾ, ನಿಮಗೆ ಐವತ್ತೆಂಟಾ? ಹೋದ ವರ್ಷ ಐವತ್ತು ಅಂದಿದ್ರಲ್ಲಾ!”

ಕೆಂಪಾದ ಮುಖ ಹೊತ್ತು ಮರಳಿದರು. “ನನ್ನ ವಯಸ್ಸು ಬೀದಿಗೆ ಬಿತ್ತು. ನನ್ನದು ಹೋಗ್ಲಿ, ನಕ್ಕು ಸುಮ್ಮನಾಗ್ತಾರೆ. ಬೇರೆಯವರದ್ದಾಗಿದ್ರೆ?”

“ಇಲ್ಲಿ ನೋಡಿದ್ರೆ ಎಲ್ಲಾ ಸರಿಯಾಗೇ ಇದೆ ಮೇಡಂ...”

“ಒಳಗೆ ಕೂತು ಬೀಗ ನೋಡಿದ್ರೆ ಏನು ಗೊತ್ತಾಗತ್ತೆ? ಹೊರಗೆ ನಿಂತು ಜಗ್ಗಬೇಕು.”

ಯಜಮಾನರು ಚಡಪಡಿಸಿದರು. “ಅಮ್ಮಾ, ಅಷ್ಟರಲ್ಲಿ ಈ ಮೆಷಿನ್ ಕೈಕೊಟ್ರೆ?”

“ಕೊಡ್ಲಿ. ಮೂರು ಸಾವಿರ ಚೀಟಿ ಮತ್ತೆ ಬರೀತೀನಿ.”

ರಿಪೇರಿಯವರು, ಅದು ಅವರ ದೊಡ್ಡತನ, ಮುನಿಸಿಕೊಳ್ಳದೆ ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಬಯಲಾದದ್ದನ್ನು ಅಳಿಸಿದರು, ಕಳಿಸುವ ಮುನ್ನವೇ ಪಟ್ಟಿಯನ್ನು ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಗೆ ತಿರುಗಿಸುವ ಏರ್ಪಾಟು ಮಾಡಿ, ಆ ಕೀಲಿಯನ್ನು ಆಕೆಯ ಕೈಯಲ್ಲೇ ಬೇರೆ ಕಡೆ ಇಡಿಸಿದರು, ಒಳಹೋಗುವವರಿಗೆ ಪಾಸ್‌ವರ್ಡಿನ ಜೊತೆಗೆ ಆಕೆಯ ಫೋನಿಗೆ ಬರುವ ಅಂಕಿಯೂ ಬೇಕೆಂದು ಕಟ್ಟುಪಾಡು ಹಾಕಿದರು. ಮತ್ತೆ ಆಕೆಯದೊಂದೇ ವಿವರ ಏರಿತು, ಮತ್ತೆ ಲಿಂಕು ಹೋಯಿತು, ಆಕೆ ಮತ್ತೆ ರಸ್ತೆ ದಾಟಿದರು.

“ಏನೂ ಬರ್ತಾ ಇಲ್ಲ ಅಕ್ಕಾ!”

“ಇನ್ನೊಂದ್ಸಲ ಒತ್ತಪ್ಪಾ.”

“ಒತ್ತಿದೆ. ಒಳಗೆ ಬಿಡಲ್ಲ ಅಂತಿದೆ!”

ಬಾಗಿಲಲ್ಲೇ ತಡೆಯಲ್ಪಟ್ಟು ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಆಮೇಲೆಯೇ ಇಡೀ ಪಟ್ಟಿ ಮೇಲೇರಿತು. ಅದನ್ನು ಮರಳಿ ಇಳಿಸಿ, ಕೀಲಿ ಹಾಕಿ, ತೆರೆದು ನೋಡಿದ ಆಕೆ ನನ್ನ ಮುಂದೆ ಚೀಟಿಯೊಂದನ್ನಿಟ್ಟರು: ‘ಮೇಷ್ಟರಿಗೆ ಹೇಳಿ, ಪಾಠ ನಡೆಯಲಿ.’ ನಾನು ಓದಿ ಮುಗಿಸುವಷ್ಟರಲ್ಲಿ ಅದು ಎಂಟು ಚೂರಾಗಿತ್ತು.

ಪರರ ಗುಟ್ಟನ್ನು ತಮ್ಮ ಮರ್ಯಾದೆಯೆಂದು ಬಗೆಯುವ ಈ ಜನಕ್ಕೆ ಬಿರುದಿಲ್ಲ, ಭಾಷಣವಿಲ್ಲ. ತಾವೇ ಹಾಕಿದ ಬೀಗವನ್ನು ಕಳ್ಳನ ಜಾಗದಲ್ಲಿ ನಿಂತು ಜಗ್ಗಿ ನೋಡುವ ಅನುಮಾನವೇ ಅವರ ಪ್ರಾಮಾಣಿಕತೆ. ಬೀದಿಗೊಬ್ಬರಾದರೂ ಇಂಥವರು ಇದ್ದೇ ಇದ್ದಾರೆಂದು ನಾನೀಗ ನಂಬುತ್ತೇನೆ. ಆ ನಂಬಿಕೆಯಿಂದಲೇ ನನ್ನ ಸಿಟ್ಟಿಗೂ ಆಗಾಗ ಒಂದು ದಿನದ ರಜೆ ಸಿಗುತ್ತಿದೆ.