ಗೆರೆಗಿಂತ ಮೇಲಿನ ಚುಕ್ಕೆಗಳು

ಕೊರಗಪ್ಪ ಗೋರಿಗೆ ಮೂರನೆಯ ಹಿಡಿ ಮಣ್ಣು ಹಾಕುತ್ತಿದ್ದಾಗಲೇ ಜೇಬಿನ ಫೋನು ಅದುರತೊಡಗಿತು. ತೀರಿಹೋದ ಹಸೈನಾರ್‌ನ ಮಗ ಫಾಹಿಮ್ ಪಕ್ಕದಲ್ಲೇ ನಿಂತಿದ್ದ. ಕೊರಗಪ್ಪ ಕೈ ಕೊಡವಿಕೊಂಡು ಗೋಡೆಯ ಕಡೆ ಸರಿದ.

ಮ್ಯಾನೇಜರ್ ಮ್ಯಾಕ್ಸ್‌ವೆಲ್. ಮಣ್ಣು ಮುಗಿಯುವ ತನಕವೂ ತಡೆಯಲಾರದ ಮನುಷ್ಯ.

“ಇವತ್ತು ರಾತ್ರಿಗೆ ಕಂಪ್ಯೂಟರಿನ ಗೆರೆ ಹೇಳಿದಷ್ಟೇ ಬೇಯಿಸಿ. ಹಸೈನಾರ್ ಸೇರಿಸ್ತಿದ್ದ ಎಕ್ಸ್‌ಟ್ರಾ ಎಲ್ಲ ಇನ್ನು ಖಲಾಸ್. ಮತ್ತೆ ಅನ್ನ ಉಳಿದ್ರೆ ನಿಮ್ಮ ತಲೆಗೇ ಬರ್ತದೆ.”

ಗಲ್ಫಿನ ಅಲ್ ಮಬೇಲಾದ ಕಾರ್ಮಿಕರ ಮೆಸ್ಸಿನಲ್ಲಿ ಕೊರಗಪ್ಪ ಮುಖ್ಯ ಅಡುಗೆಯವ. ಎಷ್ಟು ಜನರಿಗೆ ಬೇಯಿಸಬೇಕೆಂದು ದಿನವೂ ಆಫೀಸಿನಿಂದ ಹೇಳಿ ಕಳಿಸುತ್ತಿದ್ದವನು ಹಸೈನಾರ್. “ಸರಿ ಸರ್” ಎಂದು ಕೊರಗಪ್ಪ ಫೋನನ್ನು ಜೇಬಿಗೆ ಹಾಕಿಕೊಂಡ.

*

ಹಸೈನಾರ್ ಒಮ್ಮೆ ಅವನನ್ನು ಕರೆದು ಎಕ್ಸೆಲ್ ತೆರೆದು ತೋರಿಸಿದ್ದ. ಉಂಡವರ ಲೆಕ್ಕಕ್ಕೆ ದಿನಕ್ಕೊಂದು ಚುಕ್ಕೆ. ಚುಕ್ಕೆಗಳ ನಡುವೆ ಏರುತ್ತ ಹೋಗುವ ಒಂದು ಗೆರೆ. ಅದನ್ನು ಮುಂದಕ್ಕೆ ಎಳೆದರೆ ನಾಳೆಯ ಲೆಕ್ಕ ಸಿಗುತ್ತಿತ್ತು.

“ಇಷ್ಟು ಚಂದದ ಗೆರೆ ಉಂಟಲ್ಲ ಕಾಕ, ಅದರ ಮೇಲೆ ಮತ್ತೆ ಎಂತಕ್ಕೆ ಸೇರಿಸೂದು?”

“ಗೆರೆ ನಡುವಲ್ಲಿ ಹೋಗೂದು ಮಾರಾಯ. ಸುಮಾರು ಅರ್ಧ ಚುಕ್ಕೆ ಅದರ ಕೆಳಗೆ, ಅರ್ಧ ಮೇಲೆ. ಕೆಳಗಿನ ದಿನ ಅನ್ನ ಉಳೀತದೆ. ಮೇಲಿನ ದಿನ ಸಾಲಿನ ಕೊನೆಯವ ಖಾಲಿ ಪ್ಲೇಟ್ ಹಿಡ್ಕೊಂಡು ನಿನ್ನ ಮುಖ ನೋಡ್ತಾನೆ.”

ಆದ್ದರಿಂದ ಎಲ್ಲಕ್ಕಿಂತ ಮೇಲಿನ ಚುಕ್ಕೆ ಗೆರೆಯಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟನ್ನೂ ಸೇರಿಸಿಯೇ ಅವನು ಲೆಕ್ಕ ಕಳಿಸುತ್ತಿದ್ದ. ಪ್ರತಿ ಮೀಟಿಂಗಿನಲ್ಲೂ ಬೈಸಿಕೊಂಡ, ಬಗ್ಗಲಿಲ್ಲ. ಅವನಿದ್ದಷ್ಟು ಕಾಲ ತನ್ನ ಮೆಸ್ಸಿನಿಂದ ಒಬ್ಬನೂ ಹಸಿದು ಹೋಗಲಿಲ್ಲವೆಂದು ಕೊರಗಪ್ಪ ಎದೆ ತಟ್ಟಿ ಹೇಳುತ್ತಿದ್ದ.

*

ಸಂಜೆ ಅಕ್ಕಿ ಮೂಟೆಗಳ ಮುಂದೆ ಅವನು ಸ್ವಲ್ಪ ಹೊತ್ತು ನಿಂತ. ಕೆಲಸ ಹೋದರೆ ವೀಸಾ ಕೊಟ್ಟು ಇಟ್ಟುಕೊಳ್ಳುವ ಬೇರೆ ಕಫೀಲ್ ಸಿಗುವ ವಯಸ್ಸಲ್ಲ. ಹಾಳಾಗಲಿ ಎಂದುಕೊಂಡು ಗೆರೆಯ ಲೆಕ್ಕದ ಮೇಲೆ ಹಸೈನಾರ್ ಸೇರಿಸುತ್ತಿದ್ದಷ್ಟನ್ನೂ ಸೇರಿಸಿ ಅಕ್ಕಿ ಅಳೆದು ಹಾಕಿದ.

ಊಟದ ಹೊತ್ತಿಗೆ ಅಂಗಳಕ್ಕೆ ಬಸ್ಸುಗಳು ಬಂದು ನಿಂತವು. ಮಣ್ಣಿಗೆಂದು ದೂರದ ಸಹಮ್‌ನ ಕಂಪನಿ ಕ್ಯಾಂಪಿನಿಂದ ಬಂದಿದ್ದವರು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸಾಲು ಬಾಗಿಲು ದಾಟಿತು. ಅಷ್ಟರಲ್ಲಿ ಮ್ಯಾಕ್ಸ್‌ವೆಲ್ ಬಂದು ಹಂಡೆಗಳನ್ನು ನೋಡಿದ, ಸಾಲನ್ನೂ ನೋಡಿದ.

“ಯಾರು ಇವರೆಲ್ಲ?”

“ಗೆರೆಗಿಂತ ಮೇಲಿನ ಚುಕ್ಕೆಗಳು ಸರ್,” ಎಂದ ಕೊರಗಪ್ಪ, ಸೌಟು ನಿಲ್ಲಿಸದೆ. ಗೆಳೆಯನ ಮೇಲಿನ ಹೆಮ್ಮೆಯಿಂದ ಅವನ ಕಣ್ಣು ತುಂಬಿಬಂದಿತ್ತು.

ಎಲ್ಲರ ಕೊನೆಗೆ ಫಾಹಿಮ್ ನಿಂತಿದ್ದ, ಬರಿಗೈಯಲ್ಲಿ.

“ಬಾಪ ಕೆಲಸ ಮಾಡಿದ ಜಾಗ ನೋಡುವಾ ಅಂತ ಇವರ ಒಟ್ಟಿಗೆ ಬಂದೆ ಕೊರಗಪ್ಪಣ್ಣ. ಊಟ ಉಂಟಾ?”

“ಉಂಟು ಮಗಾ. ನಿನ್ನ ಬಾಪ ಹೇಳಿಯೇ ಇಡಿಸಿದ್ದು.”

ಮ್ಯಾಕ್ಸ್‌ವೆಲ್ ಒಂದು ಪ್ಲೇಟನ್ನು ಅಂಗಿಯ ತೋಳಿಗೆ ಒರೆಸಿ ಫಾಹಿಮ್‌ನ ಕೈಗೆ ಕೊಟ್ಟ. ಆಮೇಲೆ ಇನ್ನೊಂದನ್ನು ಎತ್ತಿಕೊಂಡು ಅವನ ಹಿಂದೆ ಸಾಲಿನಲ್ಲಿ ನಿಂತ.